ಎಡಸುತ್ತು

ಲೋಕದ ತಿರುಪೆಲ್ಲ ಬಲಕ್ಕೆ ಬಿಗಿಯುತ್ತದೆ,
ಗ್ಯಾಸಿನದು ಮಾತ್ರ ಎಡಕ್ಕೆ.
ಇಬ್ರಾದ ಅಂಗಡಿಯಲ್ಲಿ ಮೊದಲ ದಿನ
ಹಮ್ಮಬ್ಬ ಕಲಿಸಿದ ಪಾಠ ಅದೊಂದೇ:
“ಬಿಚ್ಚುತ್ತಿದ್ದೇನೆ ಅಂತ ಅನಿಸಬೇಕು ಕೈಗೆ,
ಆಗ ಅದು ಬಿಗಿಯುತ್ತಿರುತ್ತದೆ.”
ಹನ್ನೊಂದು ವರ್ಷವಾಯಿತು.
ಕೈಗೆ ಈಗಲೂ ಒಂದು ಕ್ಷಣ ಗೊಂದಲ.

ಗುರುವಾರ ಸಂಜೆ ಕೊನೆಯ ಹೋಟೆಲಿಗೆ ಇಳಿಸಿಯಾದ ಮೇಲೂ
ಒಂದನ್ನು ಉಳಿಸಿಕೊಂಡೆವು.
ದೊಡ್ಡದು, ಎದೆಯೆತ್ತರದ್ದು, ಬಣ್ಣ ಬಿಟ್ಟದ್ದು,
ನಲವತ್ತು ಕಿಲೋ ಮೀರಿದ್ದು.
ಸಣ್ಣ ಡಬ್ಬಿಗಳ ಸಹವಾಸ ಸಾಕಾಗಿತ್ತು;
ಬಿರಿಯಾನಿ ದಮ್ಮಿಗೆ ಕೂರುವ ಹೊತ್ತಿಗೇ ‘ಪುಸ್’ ಅನ್ನುತ್ತವೆ,
ಖಾಲಿಯನ್ನು ಮರಳಿಗೆ ಒದ್ದು ಬರುವವರು ಬೇರೆ.
ಐತಪ್ಪ ನಕ್ಕ: “ನಾಲ್ಕು ಜನಕ್ಕೆ ನಲವತ್ತು ಕಿಲೋ!
ಮದುವೆಯೋ, ಮಂಡೆ ಕೆಟ್ಟಿದೆಯೋ?”

ಬಿದಿಯಾ ದಾಟಿ, ಟೈರಿನ ಗಾಳಿ ಅರ್ಧ ಬಿಟ್ಟು
ಮರಳು ಹತ್ತಿತು ಪಿಕಪ್ಪು.
ಹಿಂದೆ ಹಗ್ಗ ಬಿಗಿಸಿಕೊಂಡು ನಿಂತ ಸಿಲಿಂಡರು
ಸಂಬಂಧ ನೋಡಲು ಹೊರಟ ಹಿರಿಯನಂತೆ
ದಿಣ್ಣೆ ದಿಣ್ಣೆಗೂ ತಲೆಯಾಡಿಸಿತು.

ಹಿತ್ತಾಳೆಯ ಕವಲು. ಕೆಂಪು ಪೈಪು ಒಲೆಗೆ.
ನೆತ್ತಿಯ ಮೇಲೆ ಆಳುದ್ದದ ಕಬ್ಬಿಣದ ನಳಿಗೆ, ತುದಿಗೆ ಲಾಂದ್ರ.
ಕೀಲುಕೀಲಿಗೂ ಸೋಪಿನ ನೀರು ಸವರಿ
ಜ್ವರದ ಮಗುವನ್ನು ನೋಡುವಂತೆ
ಬಗ್ಗಿ ನೋಡಿದ ಹಮ್ಮಬ್ಬ. ಗುಳ್ಳೆ ಏಳಲಿಲ್ಲ.
ಹೊಸ ಮ್ಯಾಂಟಲ್ಲು ಹೊಗೆಯಾಡಿ, ಕಪ್ಪಾಗಿ,
ಪೂರ್ತಿ ಬೂದಿಯಾದ ಮೇಲೆಯೇ
ಬೆಳಗತೊಡಗಿತು.
ಊದಿದರೆ ಉದುರುವ ಬೂದಿ,
ಅಷ್ಟೂ ಬೆಳಕು ಅದರದೇ.

ಅಕ್ಕು ದೊಡ್ಡಮ್ಮ ಗಂಗೊಳ್ಳಿಯ ದಿಬ್ಬಣಗಳಲ್ಲಿ
ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವಳು.
ಸಿಂಬಿಯ ಮೇಲೆ ಸುಡುವ ತಗಡು,
ಮನೆಗೆ ಬಂದರೂ ಸುಂಯ್ ಅನ್ನುವ ಕಿವಿ.
ಎಷ್ಟು ಮದುಮಗಳ ಮುಖ ನೋಡಿದೆ ಎಂದು ಕೇಳಿದರೆ
“ಒಬ್ಬಳದೂ ಇಲ್ಲ ಮಾರಾಯ.
ತಿರುಗಿದರೆ ಲೈಟು ವಾಲುತ್ತದೆ,
ಬಾಡಿಗೆಯವ ಬೈಯುತ್ತಾನೆ.”

ನಡುರಾತ್ರಿ ಚಳಿ ಇಳಿಯಿತು.
ಒಲೆಯ ಉರಿ ಕುಗ್ಗಿ, ಲಾಂದ್ರ ಹಳದಿಗಟ್ಟಿ,
“ಮುಗಿಯಿತಾ, ಇಷ್ಟು ಬೇಗ?” ಎಂದು
ಫೆಲಿಕ್ಸ್ ಬೆರಳ ಗೆಣ್ಣಿನಿಂದ ಬಡಿದು ನೋಡಿದ.
ಮೇಲೆ ಟಣ್. ಕೆಳಗೆಲ್ಲ ದಪ್ಪ.
ಇದೆ. ಬೇಕಾದಷ್ಟಿದೆ.
ಒಳಗಿನದಕ್ಕೆ ಚಳಿ ಹಿಡಿದು
ಮೇಲೇಳಲು ಒಲ್ಲೆ ಅನ್ನುತ್ತಿದೆ, ಅಷ್ಟೇ.
ಟಾರ್ಚು ಹಿಡಿದರೆ ಅದರ ಮೈಸುತ್ತ ಬೆವರು,
ಎಲ್ಲಿಯವರೆಗೆ ತುಂಬಿದೆಯೋ ಅಲ್ಲಿಯವರೆಗೆ,
ಎದೆಮಟ್ಟಕ್ಕೆ ತೆಳ್ಳಗೆ ಬಿಳಿ ಗೆರೆ.

ಜುಲೈಯಲ್ಲಿ ನನ್ನ ಅಂಗಿಗೂ ಬೀಳುತ್ತದೆ
ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗೆರೆ, ಉಪ್ಪಿನದು.
ವಿಡಿಯೋ ಕಾಲಿನಲ್ಲಿ ಸುಜಯ ಕೇಳಿದ್ದಳು,
“ಹೊಸ ಅಂಗಿಯಾ? ಡಿಸೈನು ಚೆನ್ನಾಗಿದೆ.”
ಹೌದು ಅಂದಿದ್ದೆ.

ಚಹಾಕ್ಕಿಟ್ಟ ನೀರು ಉಗುರುಬೆಚ್ಚಗಾಗಿ ನಿಂತುಬಿಟ್ಟಿತ್ತು.
ಹಮ್ಮಬ್ಬ ಪಾತ್ರೆಯೆತ್ತಿ ಸಿಲಿಂಡರಿನ ಮೈಮೇಲೆ
ಚೂರು ಚೂರೇ ಹೊಯ್ದ, ಎಣ್ಣೆ ಹಚ್ಚಿ ಮೀಯಿಸುವವನ ಹಾಗೆ,
ಬ್ಯಾರಿ ಭಾಷೆಯಲ್ಲಿ ಏನೋ ಗೊಣಗುತ್ತ.
ನಮ್ಮ ಚಹಾ ಮರಳಿಗೆ ಹೋಯಿತು.
ಬೆಳಕು ಬಂತು.
ಆಚೆ ದಿಣ್ಣೆಯ ಮೇಲೆ ಯಾರದೋ ಒಂಟೆ
ತಲೆಯೆತ್ತಿ ನೋಡಿ, ಮತ್ತೆ ಮೆಲುಕು ಹಾಕಿತು.

ಬೆಳಿಗ್ಗೆ ಬಲಕ್ಕೆ ತಿರುಗಿಸಿ ಬಿಚ್ಚಿದೆ ಎಲ್ಲವನ್ನೂ.
ಮೊದಲ ದಿಣ್ಣೆ ಇಳಿಯುವಾಗಲೇ
ಮ್ಯಾಂಟಲ್ಲು ಉದುರಿ, ಲಾಂದ್ರದ ಗಾಜಿನೊಳಗೆ
ಒಂದು ಚಿಟಿಕೆ ಬಿಳಿ.

ಶನಿವಾರ ಅಂಗಡಿಯಲ್ಲಿ ತೂಗಿದರೆ
ಇಳಿದದ್ದು ಎರಡೇ ಕಿಲೋ.
“ನೋಡಿದೆಯಾ, ಇನ್ನು ಇಪ್ಪತ್ತು ಗುರುವಾರಕ್ಕೆ
ಚಿಂತೆಯಿಲ್ಲ” ಅಂದ ಐತಪ್ಪ.
ನನ್ನ ವೀಸಾದಲ್ಲಿ ಉಳಿದದ್ದು ಒಂಬತ್ತು.
ಹೇಳಲಿಲ್ಲ.
ಸಿಲಿಂಡರನ್ನು ವಾಲಿಸಿ, ತಳದಂಚಿನ ಮೇಲೆ ಉರುಳಿಸುತ್ತ
ನೆರಳಿಗೆ ಒಯ್ದೆ.